ಹೊಟ್ಟೆ ಮುಚ್ಚದ ಕೌದಿ

ಶ್ರೀಕಾರ್ಯಂ, ತಿರುವನಂತಪುರ
17 ಡಿಸೆಂಬರ್ 2025, ಬುಧವಾರ

ನನ್ನವ್ವ ಸುಪ್ರೀತಾ,

ಮೇಲೆ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ, ಅದನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ. ಕ್ಷೇಮ ಸಮಾಚಾರ ಬರೆಯಲು ಹೋಗಿದ್ದೆ, ಕೈ ಬರಲಿಲ್ಲ. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಅಪ್ಪ ಆರಾಮಾಗಿದ್ದಾರೆ, ಆಫೀಸಿಗೆ ಹೋಗಿದ್ದಾರೆ. ನನ್ನ ಬಿಪಿ ಇದ್ದಷ್ಟೇ ಇದೆ. ಅವ್ವನಿಂದ ಪತ್ರ ಅಂದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ ಅಂತ ನನಗೆ ಈಗಲೇ ಇಲ್ಲಿ ಧಸಕ್ಕೆನ್ನುತ್ತಿದೆ.

ಫೋನಿನಲ್ಲೇ ಹೇಳಲು ನೋಡಿದೆ. ನೀನು ಎತ್ತಿದರೆ ‘ಊಟ ಆತೇನವಾ’ ಅಂದು ಇಟ್ಟುಬಿಡುತ್ತೇನೆ. ವಾಟ್ಸಾಪಿನಲ್ಲಿ ಮಾತು ತುಂಬಿ ಕಳಿಸಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಅಳಿಸಿದೆ. ಬರೆಯುವುದೆಂದರೆ ನನಗೆ ಬೆವರು ಬರುತ್ತದೆ, ನಿನಗೆ ಗೊತ್ತಲ್ಲ. ಆರನೆತ್ತೆ ಅರ್ಧಕ್ಕೆ ಬಿಟ್ಟವಳು, ಎರಡು ವರ್ಷದ ಮೇಲೆ ಮತ್ತೆ ಹೋಗಿ ಏಳನೆತ್ತೆ ಪರೀಕ್ಷೆಗೆ ಮುಂಚೆ ಮತ್ತೆ ಬಿಟ್ಟವಳು. ಒತ್ತಕ್ಷರ ಎಲ್ಲಾದರೂ ಬಿದ್ದುಹೋಗಿದ್ದರೆ ನೀನೇ ಹಚ್ಚಿಕೊಂಡು ಓದು. ನೀನು ಐದನೆತ್ತೆಯವರೆಗೆ ನರಗುಂದದಲ್ಲಿ ಕನ್ನಡ ಶಾಲೆ ಕಲಿತದ್ದು ಒಳ್ಳೆಯದಾಯಿತು. ಇಲ್ಲೇ ಹುಟ್ಟಿ ಬೆಳೆದಿದ್ದರೆ ಇದನ್ನು ಯಾರ ಕೈಯಲ್ಲಾದರೂ ಮಲಯಾಳದಲ್ಲಿ ಬರೆಸಬೇಕಿತ್ತು. ಇದು ಬೇರೆಯವರ ಕೈಯಲ್ಲಿ ಬರೆಸುವಂಥ ಮಾತಲ್ಲ.

ಹಾಸ್ಟೆಲಿನಲ್ಲಿ ಬೆಳಿಗ್ಗೆ ಏನು ಕೊಡುತ್ತಾರೆ? ಪುಟ್ಟು ಕೊಟ್ಟರೆ ಕಡಲೆ ಕರಿ ಇಲ್ಲದೆ ತಿನ್ನಬೇಡ, ಗಂಟಲು ಕಟ್ಟುತ್ತದೆ. ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ ಆ ಮಾಲಿನ ಮುಂದೆ ರಸ್ತೆ ದಾಟುವಾಗ ಫೋನ್ ನೋಡುತ್ತಾ ದಾಟಬೇಡ. ಕ್ರಿಸ್‌ಮಸ್ ಅಂತ ಈಗ ಇನ್ನೂ ಜನ ಇರುತ್ತಾರೆ. ಇದನ್ನೆಲ್ಲ ಬರೆಯುತ್ತಾ ಹೋದರೆ ನನ್ನ ಕೈ ಸರಾಗ ಓಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ ಅಂತ ನಿನಗೆ ತಿಳಿದಿರುತ್ತದೆ.

ಈ ಪತ್ರದ ಜೊತೆ ಒಂದು ಪಾರ್ಸೆಲ್ ಇದೆ. ಅದನ್ನು ಆಮೇಲೆ ಬಿಚ್ಚು. ಮೊದಲು ಇದನ್ನು ಪೂರ್ತಿ ಓದು.

ಪಾರ್ಸೆಲಿನಲ್ಲಿರುವುದು ನಿನ್ನ ಅತ್ತೆ ತ್ರೇಸ್ಯಮ್ಮನವರು ಕೇಳಿದ್ದ ಕೌದಿ. ನೆನಪಿದೆಯಲ್ಲ? ಜುಲೈಯಲ್ಲಿ ಕೂಸನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಮನೆಗೆ ತಂದ ದಿನ ನಾನು ಊರಿನ ಕೌದಿ ಹಾಸಿ ಮಲಗಿಸಿದ್ದೆ. ಹಳೆ ಸೀರೆ ತುಂಡಿನದು, ಇವರ ಮನೆಯಲ್ಲಿ ಎಲ್ಲ ಹೊಸದು, ಏನಂದುಕೊಳ್ಳುತ್ತಾರೋ ಅಂತ ನಾನು ಅಂಚು ಮಡಿಚಿ ಮುಚ್ಚುತ್ತಿದ್ದರೆ ತ್ರೇಸ್ಯಮ್ಮನವರು ಅದನ್ನೇ ಎಳೆದು ನೋಡಿ ‘ಎಂದೊರು ಭಂಗಿಯಾ!’ ಅಂದರು. ಎಷ್ಟು ಚಂದ ಅಂತ. ಆಮೇಲೆ ನನ್ನ ಬೆರಳು ಹಿಡಿದು ನೋಡಿ, ‘ಸೂಜಿಯ ಗುರುತು ನೋಡು ಮೋಳೆ, ನಿನ್ನ ಅಮ್ಮನ ಬೆರಳು ನಮ್ಮ ಇಡ್ಲಿ ತಟ್ಟೆಯ ಹಾಗಿದೆ’ ಅಂತ ನಿನ್ನನ್ನು ಮಗಳೇ ಎಂದು ಕರೆದು ನಗಿಸಿದರು. ಡಿಸೆಂಬರಿನಲ್ಲಿ ಅವರು ಕಟ್ಟುವ ಪುಲ್ಕೂಡು, ಅದೇ ಯೇಸು ಹುಟ್ಟಿದ ಹುಲ್ಲಿನ ಕೊಟ್ಟಿಗೆ, ಅದರ ಹಿಂದೆ ಹಾಕುತ್ತಿದ್ದ ಬಟ್ಟೆಗೆ ಗೆದ್ದಲು ಹಿಡಿದಿತ್ತಂತೆ. ನನ್ನನ್ನು ಅಕ್ಕ ಅಂತ ಕರೆದು, ‘ಚೇಚಿ, ಈ ಸಲ ನೀವೇ ಒಂದು ಮಾಡಿಕೊಡಿ. ಮೊಮ್ಮಗನನ್ನು ಅದರ ಮುಂದೆ ಕೂರಿಸಿ ಫೋಟೋ ತೆಗೆಯೋಣ’ ಅಂದರು. ಡಿಸೆಂಬರಿಗೆ ಐದು ತಿಂಗಳಾಗಿರುತ್ತದೆ, ಕೂರುತ್ತಾನೋ ಇಲ್ಲವೋ, ತಿಂಗಳು ತುಂಬುವ ಮೊದಲು ಹುಟ್ಟಿದ್ದಲ್ಲವೇ, ಕುತ್ತಿಗೆ ನಿಲ್ಲುವುದು ತಡವಾಗುತ್ತದೆ ಅಂತ ನಾನು ಅವತ್ತಿಡೀ ಅದೊಂದೇ ಚಿಂತೆ ಮಾಡಿದೆ ನೋಡು. ಎಂಥ ಚಿಂತೆ.

ಹನ್ನೆರಡು ದಿನ ಗಾಜಿನ ಪೆಟ್ಟಿಗೆ, ಹತ್ತು ದಿನ ಮನೆ, ಮತ್ತೆ ಒಂದು ದಿನ ಆಸ್ಪತ್ರೆ. ನಿನಗೆ ನಾನು ಹೇಳಬೇಕಾಗಿಲ್ಲ.

ಸೆಪ್ಟೆಂಬರಿನಲ್ಲಿ ನಿನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಬಂದ ಮೇಲೆ ನನಗೆ ಇಲ್ಲಿ ಕೂರಲು ನಿಲ್ಲಲು ಆಗಲಿಲ್ಲ. ಅಪ್ಪ ಆಫೀಸಿಗೆ ಹೋದ ಮೇಲೆ ಅಡುಗೆಮನೆಯ ಕಿಟಕಿ ಹತ್ತಿರ ಕೂತು ಕೌದಿ ಹಚ್ಚಿದೆ. ಮಾತು ಕೊಟ್ಟದ್ದಲ್ಲವೇ. ಕೂಸಿಲ್ಲದಿದ್ದರೂ ಹಬ್ಬ ಬರುತ್ತದೆ, ಅವರು ಗೋಡೆಗೆ ಏನು ಹಾಕುತ್ತಾರೆ ಅಂತ. ಯೇಸು ಹುಟ್ಟಿದ ರಾತ್ರಿಯನ್ನೇ ಕೌದಿಯ ಮೇಲೆ ಚಿತ್ರದ ಹಾಗೆ ಹಚ್ಚಿದೆ. ಆಕಾಶಕ್ಕೆ ನನ್ನ ಮದುವೆಯ ಇಳಕಲ್ ಸೀರೆಯ ಒಡಲು, ಮಡಿಕೆಯಲ್ಲಿ ಹರಿದಿತ್ತು. ಕೊಟ್ಟಿಗೆಗೆ ಅಪ್ಪನ ಖಾಕಿ ಪ್ಯಾಂಟು. ಯೇಸುವಿನ ಅಪ್ಪ ಜೋಸೆಫನಿಗೆ ಅಳಿಯ ಲಿಜೋನ ಹಳೆ ಚೌಕಳಿ ಲುಂಗಿ, ನೆಲ ಒರೆಸಲು ಇಟ್ಟಿದ್ದನ್ನು ನಿನ್ನ ಅತ್ತೆಯೇ ಕೊಟ್ಟದ್ದು. ನಕ್ಷತ್ರಕ್ಕೆ ನೀನು ನಾಲ್ಕನೆತ್ತೆಯಲ್ಲಿ ಕುಣಿದ ಹಳದಿ ಲಂಗ. ಪಕ್ಕದ ಕ್ವಾರ್ಟರ್ಸಿನ ವಿಜಯಶ್ರೀ, ಆ ಕಾಸರಗೋಡಿನವಳು, ಬಂದು ನೋಡಿ, ‘ಇದೆಂತದು ಶಾಂತಕ್ಕ, ಕತ್ತೆಯೋ ಬೆಕ್ಕೋ? ಯೇಸು ಹೆದರಿಯಾನು ಮಾರಾಯ್ತಿ’ ಅಂದಳು. ಕತ್ತೆಯ ಕಿವಿ ಬಿಚ್ಚಿ ಉದ್ದ ಮಾಡಿ ಮತ್ತೆ ಹಚ್ಚಿದೆ.

ಕೌದಿಯನ್ನು ಅಂಚಿನಿಂದ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರಬೇಕು. ನಡುವೆ ನಾಲ್ಕು ಬೆರಳು ಜಾಗ ಉಳಿದಾಗ ಅದರ ಹೊಟ್ಟೆಗೆ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಇಟ್ಟು ಮುಚ್ಚುತ್ತೇವೆ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಅನ್ನುತ್ತಿದ್ದಳು ನಿನ್ನ ಆಯಿ. ಈ ಕೌದಿಯ ನಡುವೆ ನಾನು ಕೂಸಿನ ಗೋದಲಿ ಇಟ್ಟಿದ್ದೆ, ಹುಲ್ಲಿನ ತೊಟ್ಟಿಲು. ಅದರೊಳಗಿನ ಕೂಸಿಗೆ ಬಟ್ಟೆ ಬೇಕಿತ್ತು.

ಇಲ್ಲಿಗೆ ಬಂದು ಎದ್ದು ಹೋಗಿ ನೀರು ಕುಡಿದು ಬಂದೆ. ಕುಕ್ಕರ್ ಇಳಿಸಿದೆ. ಒಣಗಿದ ಬಟ್ಟೆಯನ್ನೂ ಮಡಿಚಿಟ್ಟೆ. ಇನ್ನು ಮಾಡಲು ಕೆಲಸ ಉಳಿದಿಲ್ಲ.

ಸುಪ್ರೀತಾ, ಕೂಸಿನ ಬಟ್ಟೆಯನ್ನು ನಿನ್ನ ಅತ್ತೆ ಚೆಲ್ಲಲಿಲ್ಲ. ತೆಗೆದವಳು ನಾನು.

ನಾನು ವಾಪಸು ಹೊರಡುವ ದಿನ ಬೆಳಿಗ್ಗೆ ನೀನು ಮಾತ್ರೆ ತಗೊಂಡು ಮಲಗಿದ್ದೆ. ನಿನ್ನ ಕಪಾಟು ಒಪ್ಪ ಮಾಡಿಟ್ಟು ಹೋಗೋಣ ಅಂತ ತೆಗೆದೆ. ಕೆಳಗಿನ ಖಾನೆಯಲ್ಲಿ ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದೆಯಲ್ಲ, ಎರಡು ಜಬಲ, ಟೊಪ್ಪಿಗೆ, ಸುತ್ತುವ ಬಿಳಿ ಬಟ್ಟೆ. ಹಾಲು ಹುಳಿತ ವಾಸನೆ ಬರುತ್ತಿತ್ತು. ಒಗೆಯದೆ ಇಟ್ಟಿದ್ದಾಳೆ, ದುಃಖದಲ್ಲಿ ಮರೆತಿದ್ದಾಳೆ ಅಂದುಕೊಂಡೆ. ನಮ್ಮ ಕಡೆ ಇಂಥ ಬಟ್ಟೆ ಮನೆಯಲ್ಲಿಡುವುದಿಲ್ಲ. ಹೊಳೆಗೆ ಬಿಡುತ್ತಾರೆ, ಇಲ್ಲವೇ ಕೌದಿಗೆ ಹಚ್ಚುತ್ತಾರೆ. ಹಚ್ಚಿದರೆ ಹೋದ ಜೀವಕ್ಕೂ ಮನೆಯಲ್ಲಿ ಒಂದು ಜಾಗ ಆಗುತ್ತದೆ ಅಂತ. ಹಬ್ಬದ ದಿನ ನೀನು ಕೌದಿ ನೋಡಿ ಗುರುತು ಹಿಡಿಯುತ್ತೀ, ಅಳುತ್ತೀ, ಆಮೇಲೆ ಹಗುರಾಗುತ್ತೀ ಅಂತ ನಾನೇ ಮನಸ್ಸಿನಲ್ಲಿ ಎಲ್ಲ ಹೊಂದಿಸಿಕೊಂಡೆ. ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಇಷ್ಟು ಬರೆದು ಓದಿದರೆ ಒಳ್ಳೆಯವಳ ಹಾಗೆ ಕಾಣುತ್ತೇನೆ. ಅದಕ್ಕೆ ಇನ್ನೊಂದು ಬರೆಯುತ್ತೇನೆ. ನಿನ್ನನ್ನು ಎಬ್ಬಿಸಿ ಕೇಳಬಹುದಿತ್ತು. ಕೇಳಿದರೆ ನೀನು ಕೊಡುವುದಿಲ್ಲ ಅಂತ ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮನೆಗೆ ಬಂದ ಮಾರನೇ ದಿನವೇ ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ತಿಕ್ಕಿ ಬಿಸಿಲಿಗೆ ಹಾಕಿದೆ. ಒಗೆಯದ ಅರಿವೆ ಕೌದಿಗೆ ಹಚ್ಚಬಾರದು, ಹುಳ ಬೀಳುತ್ತದೆ. ನನ್ನ ಕೈಗೆ ಅದೊಂದು ರೂಢಿ. ಹಳೆ ಅರಿವೆ ಕಂಡರೆ ಒಗಿ, ಒಣಗಿಸು, ಕತ್ತರಿಸು. ಮರುದಿನ ಬೆಳಿಗ್ಗೆಯೇ ಜಬಲದ ಬೆನ್ನಿನ ಭಾಗದಿಂದ ಕೂಸಿನ ಮೈ ಮಾಡಿದೆ. ಟೊಪ್ಪಿಗೆಯಿಂದ ತಲೆ. ಸುತ್ತುವ ಬಟ್ಟೆಯಲ್ಲಿ ಸುತ್ತಿದೆ. ಚಂದ ಬಂದಿತ್ತು. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಆವತ್ತೇ ನಿನ್ನ ಫೋನ್ ಬಂತು. ಸೆಪ್ಟೆಂಬರ್ ಇಪ್ಪತ್ತೈದು, ಬೆಳಿಗ್ಗೆ ಹನ್ನೊಂದು ಗಂಟೆ. ಕೂಸಿನ ತುಂಡುಗಳು ನನ್ನ ತೊಡೆಯ ಮೇಲೆಯೇ ಇದ್ದವು. ನೀನು ಅಂದದ್ದು ಒಂದಕ್ಷರವೂ ಮರೆತಿಲ್ಲ. ‘ಅವ್ವ, ಅವನ ಅರಿವಿ ಇಲ್ಲವ್ವ. ನಾ ಒಗದಿರಲಿಲ್ಲವ್ವ, ಬೇಕಂತ ಒಗದಿರಲಿಲ್ಲ. ಅದರಾಗ ಅವನ ವಾಸನಿ ಇತ್ತು. ದಿನಾ ಒಮ್ಮೆ ತಗದು ಮೂಸಿ ಇಡತಿದ್ದೆ, ಜಾಸ್ತಿ ಮೂಸಿದ್ರ ಖಾಲಿ ಆಗತೈತಿ ಅಂತ ಒಮ್ಮೆನ. ಅಮ್ಮಚ್ಚಿ ಚೆಲ್ಲಿಬಿಟ್ಟಾರವ್ವ.’

ನಿನಗೆ ಅತ್ತೆಯ ಮೇಲೆ ಅನುಮಾನ ಬಂದದ್ದು ಸಹಜ. ತೊಟ್ಟಿಲನ್ನು ಚರ್ಚಿಗೆ ಕೊಟ್ಟಿದ್ದರು, ಕೋಣೆಗೆ ಸುಣ್ಣ ಹೊಡೆಸಿದ್ದರು. ಆದರೆ ನನಗೆ ಗೊತ್ತಿತ್ತು. ಆಗ ನಾನು ಒಂದು ಮಾತು ಆಡಬೇಕಿತ್ತು, ‘ಇಲ್ಲವಾ, ನನ್ನ ಹತ್ರ ಅದಾವು’ ಅಂತ. ಆದರೆ ಏನಂತ ಹೇಳಲಿ? ನನ್ನ ಹತ್ತಿರ ಇದ್ದದ್ದು ಸೋಪಿನ ವಾಸನೆಯ ತುಂಡುಗಳು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ‘ಚೆಲ್ಲಿರಬೇಕು ಬಿಡವಾ. ಅವರ ಮಂದಿ ಹಂಗ ಇರಬೇಕು’ ಅಂದೆ. ಅವರ ಮಂದಿ ಅಂತ ಅಂದೆ. ನನ್ನನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು, ನನಗೋಸ್ಕರ ಮೀನು ಬೇರೆ ಒಲೆಯಲ್ಲಿ ಮಾಡಿದವರಿಗೆ.

ಆ ಮಾತು ಹಿಡಿದುಕೊಂಡೇ ನೀನು ಅವರ ಜೊತೆ ಜಗಳ ಮಾಡಿದೆ, ದಸರೆಯ ಹೊತ್ತಿಗೆ ಮನೆ ಬಿಟ್ಟು ಹಾಸ್ಟೆಲಿಗೆ ಬಂದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ನಾನು ಹನ್ನೊಂದು ವಾರ ತಳ್ಳಿದೆ. ಅಪ್ಪನಿಗೂ ಹೇಳಿಲ್ಲ. ‘ನಿನಗ್ಯಾಕ ನಿದ್ದಿ ಬರವಲ್ದು, ಡಾಕ್ಟರ್ ಕಡೆ ಹೋಗೂಣ’ ಅಂತ ಪಟ್ಟಂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ತಪಾಸಣೆ ಮಾಡಿಸಿದರು. ರಕ್ತದಲ್ಲಿ ಏನೂ ಬರಲಿಲ್ಲ.

ಕಳೆದ ಭಾನುವಾರ ಲಿಜೋ ಬಂದಿದ್ದ. ನಿನಗೆ ಹೇಳಬೇಡಿ ಅಂದಿದ್ದ, ಹೇಳುತ್ತಿದ್ದೇನೆ. ಸೊರಗಿದ್ದಾನೆ. ಚಹಾ ಕುಡಿಯದೆ ಲೋಟ ತಿರುಗಿಸುತ್ತಾ ಕೂತಿದ್ದ. ನೀನು ಇಪ್ಪತ್ತೊಂಬತ್ತಕ್ಕೆ ವಕೀಲರನ್ನು ನೋಡಲು ಹೊರಟಿದ್ದೀಯಂತೆ. ‘ಅಮ್ಮೆ, ಕೂಸನ್ನು ಮಣ್ಣು ಮಾಡಿದ ದಿನವೂ ಅವಳು ನನ್ನ ಕೈ ಬಿಟ್ಟಿರಲಿಲ್ಲ. ಒಂದು ಗಂಟು ಬಟ್ಟೆಗೆ ಬಿಡುತ್ತಾಳಾ? ನಮ್ಮ ಅಮ್ಮಚ್ಚಿಯನ್ನು ಕೇಳಿದರೆ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ನೀವೊಂದು ಮಾತು ಹೇಳಿ, ನಿಮ್ಮ ಮಾತು ಕೇಳುತ್ತಾಳೆ’ ಅಂದ. ಬಟ್ಟೆ ಆಗ ಅವನು ಕೂತಿದ್ದ ಮಂಚದ ಕೆಳಗೇ ಇತ್ತು. ನಾನು ‘ಇನ್ನೊಂದು ಚಹಾ ಮಾಡಲಾ’ ಅಂದೆ.

ಅವನು ಹೋದ ಮೇಲೆ ಕೌದಿ ಹೊರತೆಗೆದು ಕೂಸನ್ನು ಬಿಚ್ಚಿದೆ. ಒಂದೊಂದೇ ಎಳೆ ಕತ್ತರಿಸಿ ತೆಗೆದೆ. ಜಬಲವನ್ನು ಮತ್ತೆ ಮೊದಲಿನ ಹಾಗೆ ಕೂಡಿಸಲು ನೋಡಿದೆ. ಕೂಡಿತು. ನೀನು ದೂರದಿಂದ ನೋಡಿದರೆ ಗೊತ್ತಾಗದಷ್ಟು ಸಣ್ಣ ಹೊಲಿಗೆ ಹಾಕಿದೆ. ಆಮೇಲೆ ಮೂಗಿಗೆ ಹಿಡಿದೆ. ಎಷ್ಟು ಹೊತ್ತು ಹಿಡಿದರೂ ಸೋಪೇ. ಹೊಲಿಗೆ ಬಲ್ಲವಳು ಹರಿದದ್ದನ್ನು ಕೂಡಿಸುತ್ತಾಳೆ, ಆದರೆ ನಾನು ತಿಕ್ಕಿ ತೊಳೆದ ನೀರು ಬಚ್ಚಲಲ್ಲಿ ಹರಿದುಹೋಗಿ ಮೂರು ತಿಂಗಳಾಯಿತು. ಅದನ್ನು ಎಲ್ಲಿಂದ ತರಲಿ ನನ್ನವ್ವ?

ಪಾರ್ಸೆಲಿನಲ್ಲಿ ಎರಡು ಬೇರೆ ಬೇರೆ ಕಟ್ಟಿದ್ದೇನೆ. ಕಾಗದದ ಕವರಿನಲ್ಲಿರುವುದು ಅವನ ಬಟ್ಟೆ. ಒಂದು ನೂಲೂ ಕಡಿಮೆಯಿಲ್ಲ, ಕತ್ತರಿಸಿದಾಗ ಉದುರಿದ ಚೂರುಗಳನ್ನೂ ಆರಿಸಿ ಹಾಕಿದ್ದೇನೆ. ಇನ್ನೊಂದು ಕೌದಿ. ಅದರ ಗೋದಲಿ ಖಾಲಿ ಇದೆ. ನಾಲ್ಕು ಬೆರಳಿನ ಹೊಟ್ಟೆ ಮುಚ್ಚಿಲ್ಲ. ರೊಟ್ಟಿ ಇಡಲೂ ನನಗೆ ಧೈರ್ಯ ಬರಲಿಲ್ಲ. ನೀನು ಮುಚ್ಚಿದರೆ ಮುಚ್ಚು. ನೋಡಲಾರೆ ಅನ್ನಿಸಿದರೆ ಸುಟ್ಟುಹಾಕು, ಆದರೆ ಹಾಸ್ಟೆಲಿನ ಒಳಗೆ ಬೆಂಕಿ ಹಚ್ಚಬೇಡ.

ನನ್ನನ್ನು ಕ್ಷಮಿಸು ಅಂತ ಬರೆಯುವುದಿಲ್ಲ. ಬರೆದರೆ ಅದೂ ನಿನ್ನ ತಲೆಯ ಮೇಲೆ ಒಂದು ಕೆಲಸ ಆಗುತ್ತದೆ. ನನ್ನ ಜೊತೆ ಮಾತು ಬಿಟ್ಟರೂ ನಾನು ತಾಳುತ್ತೇನೆ. ತಾಳಲಾರೆ, ಆದರೂ ತಾಳುತ್ತೇನೆ. ವಕೀಲರ ಹತ್ತಿರ ಮಾತ್ರ ಈ ಕಾರಣಕ್ಕೆ ಹೋಗಬೇಡ. ನಿನಗೆ ಆ ಮನೆ ಬೇಡ, ಲಿಜೋ ಬೇಡ ಅನ್ನಿಸಿದ್ದರೆ ನಿನ್ನ ಕಾರಣಕ್ಕೆ ಹೋಗು, ನಾನು ಅಡ್ಡ ಬರುವುದಿಲ್ಲ. ನನ್ನ ಸುಳ್ಳಿನ ಕಾರಣಕ್ಕೆ ಹೋಗಬೇಡ. ನಿನ್ನ ಅತ್ತೆಯ ಮುಂದೆ ನಾನೇ ಬಂದು ನಿಂತು ಹೇಳುತ್ತೇನೆ. ಯಾವ ದಿನ ಅಂದರೂ ಬರುತ್ತೇನೆ, ನೀನು ಅಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇದನ್ನು ಓದಿದ ಮೇಲೆ ಒಬ್ಬಳೇ ಕೋಣೆಯಲ್ಲಿ ಕೂರಬೇಡ. ಜೊತೆಯ ಹುಡುಗಿಯರು ಯಾರಾದರೂ ಇದ್ದರೆ ಅವರ ಹತ್ತಿರ ಹೋಗಿ ಕೂತಿರು. ಏನೂ ಹೇಳಬೇಕಾಗಿಲ್ಲ, ಸುಮ್ಮನೆ ಕೂತಿರು.

ನಿನ್ನ ಅವ್ವ,
ಶಾಂತಾ

ತಾ. ಕ.: ಮೇಲಿನದನ್ನೆಲ್ಲ ಬೆಳಿಗ್ಗೆ ಬರೆದು ಮಡಿಚಿಟ್ಟೆ. ಈಗ ಮಧ್ಯಾಹ್ನ ಎರಡು ಗಂಟೆ. ಅನ್ಯಾಯ ಆದದ್ದು ಅವರಿಗೂ ಅಲ್ಲವೇ, ಪತ್ರ ನಿನ್ನ ಕೈಗೆ ಬರುವ ಮೊದಲು ಅವರ ಕಿವಿಗೆ ಬೀಳಲಿ ಅಂತ ತ್ರೇಸ್ಯಮ್ಮನವರಿಗೆ ಫೋನ್ ಮಾಡಿದೆ. ನನ್ನ ಹರಕು ಮಲಯಾಳದಲ್ಲಿ ‘ಬಟ್ಟೆ ತೆಗೆದದ್ದು ನಾನು, ಅವಳಿಗೆ ಪತ್ರ ಬರೆದಿದ್ದೇನೆ’ ಅಂದೆ. ಅವರು, ‘ಗೊತ್ತು ಚೇಚಿ. ನೀವು ಬ್ಯಾಗಿನಲ್ಲಿ ಇಡುವಾಗ ನಾನು ನಿಮಗೆ ಚಹಾ ಹಿಡಿದುಕೊಂಡು ಬಾಗಿಲಲ್ಲಿದ್ದೆ. ನಿಮ್ಮ ಮಗಳೇ ಕೊಟ್ಟು ಕಳಿಸುತ್ತಿದ್ದಾಳೆ ಅಂದುಕೊಂಡೆ’ ಅಂದರು. ಹಾಗಾದರೆ ಅವಳು ಅಷ್ಟೆಲ್ಲ ಅಂದಾಗ ನೀವು ಯಾಕೆ ಹೇಳಲಿಲ್ಲ, ಮಗನಿಗಾದರೂ ಯಾಕೆ ಹೇಳಲಿಲ್ಲ ಅಂತ ನಾನು ಕೂಗಿಯೇಬಿಟ್ಟೆ, ತಪ್ಪು ಅವರದೇ ಅನ್ನುವ ಹಾಗೆ. ‘ಅತ್ತೆ ಕೆಟ್ಟವಳಾದರೆ ಹುಡುಗಿ ಅಮ್ಮನ ಹತ್ತಿರ ಹೋಗಿ ಅಳುತ್ತಾಳೆ. ಅಮ್ಮನೇ ಕೆಟ್ಟವಳಾದರೆ ಎಲ್ಲಿಗೆ ಹೋಗುತ್ತಾಳೆ ಚೇಚಿ? ಕೂಸು ಹೋಗಿ ಎರಡು ತಿಂಗಳಾಗಿರಲಿಲ್ಲ, ನಾನು ಅವಳ ಅಮ್ಮನನ್ನೂ ಕಿತ್ತುಕೊಳ್ಳಲಾ?’ ಅಂದರು. ಆಮೇಲೆ, ‘ಆ ಪತ್ರ ಹಾಕಬೇಡಿ. ಹರಿದುಬಿಡಿ. ನಾನೇ ಚೆಲ್ಲಿದೆ ಅಂತಲೇ ಇರಲಿ. ಈಗ ನನಗೆ ಅಭ್ಯಾಸವಾಗಿದೆ’ ಅಂದರು.

ಹರಿಯಲು ಎರಡೂ ಕೈಯಲ್ಲಿ ಹಿಡಿದಿದ್ದೆ, ಸುಪ್ರೀತಾ. ಸುಳ್ಳು ಹೇಳುವುದಿಲ್ಲ. ಮೂಲೆ ಸ್ವಲ್ಪ ಹರಿದಿರುವುದು ಅದಕ್ಕೇ.

ಸ್ಪೀಡ್ ಪೋಸ್ಟಿನ ಕಿಟಕಿ ಮೂರಕ್ಕೆ ಮುಚ್ಚುತ್ತಾರೆ. ಆಟೋ ಬಂದು ಹೊರಗೆ ನಿಂತಿದೆ. ಹೊರಟೆ.